ಸೈಕಲ್ಲಿನ ದಾರಿ: ಅಳತೆಯುಂಟು, ಅಳೆಯುವವರಿಲ್ಲ

(ವಿಶಾಖಪಟ್ಟಣದಲ್ಲಿ ನಮ್ಮ ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ದಿನ ನಾವು ಮಾತನಾಡಲು ಹೊರಟಿರುವುದು ಸಂಬಳ, ಬೋನಸ್ಸುಗಳ ವಿಷಯವಲ್ಲ. ಆ ಸಂಬಳವನ್ನು ಸಂಪಾದಿಸಿ ತರಲು ನಮ್ಮಲ್ಲಿ ಅನೇಕರು ದಿನಕ್ಕೆ ಎರಡು ಬಾರಿ ತುಳಿಯುವ ಹಾದಿಯ ವಿಷಯ. ಸೈಕಲ್ಲನ್ನು ಬಡವನ ಕುದುರೆ ಎನ್ನುವುದುಂಟು. ಆದರೆ ಕುದುರೆಗೆ ಕಣ್ಣಿದೆ. ಮುಂದೆ ಹಳ್ಳ ಕಂಡರೆ ಸವಾರ ಹೇಳದಿದ್ದರೂ ತಾನೇ ನಿಲ್ಲುತ್ತದೆ. ಸೈಕಲ್ಲಿಗೆ ಕಣ್ಣಿಲ್ಲ. ಅದಕ್ಕೆ ದಾರಿಯೇ ಕಣ್ಣಾಗಬೇಕು. ದಾರಿ ಕೆಟ್ಟದ್ದಾದರೆ ಸವಾರನು ಎಷ್ಟೇ ಜಾಣನಾಗಿದ್ದರೂ ಒಂದಲ್ಲ ಒಂದು ದಿನ ಬೀಳುತ್ತಾನೆ.

ನಮ್ಮೆಲ್ಲರಿಗೂ ಪರಿಚಯವಾದ ರಸ್ತೆಯಿಂದಲೇ ಆರಂಭಿಸೋಣ. ರಾಮಕೃಷ್ಣ ಬೀಚಿನಿಂದ ಹೊರಟು, ಕೈಲಾಸಗಿರಿಯ ಬುಡವನ್ನು ಬಳಸಿ, ಕಡಲನ್ನು ಬಲಕ್ಕಿಟ್ಟುಕೊಂಡು ಭೀಮಿಲಿಯವರೆಗೆ ಹೋಗುವ ದಾರಿಯಲ್ಲಿ ಋಷಿಕೊಂಡ ಸಿಗುತ್ತದೆ. 2020ರ ಅಕ್ಟೋಬರಿನಲ್ಲಿ ನಮ್ಮ ದೇಶದ ಎಂಟು ಕಡಲತೀರಗಳಿಗೆ ಮೊದಲ ಬಾರಿಗೆ 'ನೀಲಿ ಧ್ವಜ' ಎಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಆ ಎಂಟರಲ್ಲಿ ಋಷಿಕೊಂಡ ಒಂದು. ನಮ್ಮ ತಾಯ್ನಾಡಿನ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಇನ್ನೆರಡು. ಈ ಧ್ವಜವನ್ನು ಸುಮ್ಮನೆ ಕೊಡುವುದಿಲ್ಲ. ನೀರು ಶುದ್ಧವೆ, ಮರಳು ಚೊಕ್ಕಟವೆ, ಸ್ನಾನಕ್ಕೆ ಇಳಿದವರ ಜೀವಕ್ಕೆ ರಕ್ಷಣೆ ಇದೆಯೆ ಎಂದು 33 ಅಂಶಗಳನ್ನು ಪರೀಕ್ಷಿಸಿ ಕೊಡುತ್ತಾರೆ. ಒಮ್ಮೆ ಕೊಟ್ಟರೆ ಶಾಶ್ವತವೂ ಅಲ್ಲ. ಮತ್ತೆ ಮತ್ತೆ ಪರೀಕ್ಷೆ ನಡೆಯುತ್ತದೆ. ಇದು ಸಂತೋಷದ ಸಂಗತಿ. ಆದರೆ ನಾವು ಕೇಳುವ ಪ್ರಶ್ನೆ ಒಂದೇ: ಮರಳಿಗೆ ಇಷ್ಟು ಅಳತೆಗಳಿರುವಾಗ, ಆ ಮರಳಿನವರೆಗೆ ಸೈಕಲ್ಲಿನಲ್ಲಿ ಬರುವ ಮನುಷ್ಯನ ದಾರಿಗೆ ಅಳತೆ ಬೇಡವೆ?

ಯಾರ ದಾರಿ?

ಭಾನುವಾರದ ಬೆಳಿಗ್ಗೆ ಈ ಕಡಲ ರಸ್ತೆಯಲ್ಲಿ ಹಗುರವಾದ, ಬೆಲೆಬಾಳುವ ಸೈಕಲ್ಲುಗಳು ಸಾಲಾಗಿ ಹೋಗುವುದನ್ನು ನೀವು ನೋಡಿದ್ದೀರಿ. ಆರೋಗ್ಯಕ್ಕಾಗಿ ತುಳಿಯುವವರು ಅವರು. ಅವರ ಬಗ್ಗೆ ನಮಗೆ ಅಸೂಯೆಯಿಲ್ಲ. ಹೆಚ್ಚು ಜನ ತುಳಿದಷ್ಟೂ ಒಳ್ಳೆಯದೇ. ಆದರೆ ಸೋಮವಾರದ ನಸುಕಿನಲ್ಲಿ ಅದೇ ರಸ್ತೆಯಲ್ಲಿ ಹೋಗುವವನು ಬೇರೆ. ಹೋಟೆಲಿನ ಒಲೆ ಹಚ್ಚಬೇಕಾದವನು, ರಾತ್ರಿ ಪಾಳಿ ಮುಗಿಸಿದ ಕಾವಲುಗಾರ, ತೋಟದ ಮಾಲಿ, ಗಾರೆಯವನು, ಪತ್ರಿಕೆ ಹಾಕುವ ಹುಡುಗ. ಅವನ ಸೈಕಲ್ಲು ಭಾರ. ಹಿಂದಿನ ಕ್ಯಾರಿಯರಿನಲ್ಲಿ ಬುತ್ತಿ, ಹ್ಯಾಂಡಲ್ಲಿಗೆ ಚೀಲ. ಅವನಿಗೆ ಇದು ವಿಹಾರವಲ್ಲ, ಹೊಟ್ಟೆಪಾಡು.

ಇಂಥವರು ಎಷ್ಟು ಮಂದಿ? 2011ರ ಜನಗಣತಿಯಲ್ಲಿ, ಬೇಸಾಯ ಮತ್ತು ಗೃಹಕೈಗಾರಿಕೆಗಳನ್ನು ಬಿಟ್ಟು ಉಳಿದ ಉದ್ಯೋಗಗಳಲ್ಲಿದ್ದ ಸುಮಾರು 20 ಕೋಟಿ ಜನರನ್ನು, 'ಕೆಲಸಕ್ಕೆ ಹೇಗೆ ಹೋಗುತ್ತೀರಿ?' ಎಂದು ಕೇಳಿದರು. ನೂರಕ್ಕೆ 13 ಮಂದಿ ಸೈಕಲ್ಲು ಎಂದರು. ಕಾರು ಎಂದವರು ನೂರಕ್ಕೆ ಮೂವರಿಗಿಂತ ಕಡಮೆ. ಆ ಮೇಲೆ ಮೋಟಾರು ಬೈಕುಗಳು ಬಹಳ ಹೆಚ್ಚಿವೆ, ನಿಜ. ಆದರೂ ರಸ್ತೆಯ ಯೋಜನೆ ಬರೆಯುವಾಗ ಆ ಮೂವರ ಅನುಕೂಲ ಮೊದಲ ಪುಟದಲ್ಲಿ, ಈ ಹದಿಮೂವರ ಜೀವ ಕೊನೆಯ ಪುಟದಲ್ಲಿ ಬರುವುದು ನ್ಯಾಯವಲ್ಲ.

ಸೈಕಲ್ಲು ಏಕೆ ಬೀಳುತ್ತದೆ?

ನಿಂತಾಗ ಬೀಳುವ ಸೈಕಲ್ಲು ಓಡುವಾಗ ಏಕೆ ಬೀಳುವುದಿಲ್ಲ? ಎಡಕ್ಕೆ ವಾಲಿದ ಕೂಡಲೆ ನಾವು ನಮಗರಿವಿಲ್ಲದೆ ಮುಂದಿನ ಗಾಲಿಯನ್ನು ಎಡಕ್ಕೆ ತಿರುಗಿಸುತ್ತೇವೆ. ಗಾಲಿ ನಮ್ಮ ಭಾರದ ಕೆಳಗೆ ಬಂದು ನಮ್ಮನ್ನು ಎತ್ತಿ ನಿಲ್ಲಿಸುತ್ತದೆ. ಕ್ಷಣ ಕ್ಷಣಕ್ಕೂ ನಡೆಯುವ ಈ ಸಣ್ಣ ತಿರುವುಗಳೇ ಸವಾರನ ಪ್ರಾಣ. ಆದುದರಿಂದ ಮುಂದಿನ ಗಾಲಿಯನ್ನು ತಿರುಗಗೊಡದ ಯಾವುದೇ ವಸ್ತು ನಮ್ಮ ಶತ್ರು. ಈ ಒಂದು ಮಾತನ್ನು ತಿಳಿದುಕೊಂಡರೆ ರಸ್ತೆಯ ಎಲ್ಲ ಅಪಾಯಗಳೂ ಅರ್ಥವಾಗುತ್ತವೆ.

ಮೊದಲನೆಯ ಅಪಾಯ, ದಾರಿಯ ಉದ್ದಕ್ಕೂ ಇರುವ ಸೀಳು. ಡಾಂಬರು ಮುಗಿದು ಕಾಂಕ್ರೀಟು ಸೇರುವ ಕಡೆ, ಚರಂಡಿಯ ಚಪ್ಪಡಿಗಳ ಸಂದು, ಮಳೆನೀರು ಇಳಿಯಲು ಹಾಕಿದ ಕಬ್ಬಿಣದ ಜಾಲರಿ. ನಮ್ಮ ಸಾಮಾನ್ಯ ಸೈಕಲ್ಲಿನ ಟೈರಿನ ಅಗಲ ಒಂದೂವರೆ ಅಂಗುಲ, ಅಂದರೆ 40 ಮಿಲಿಮೀಟರಿನ ಆಸುಪಾಸು. ಹಗುರ ಸೈಕಲ್ಲುಗಳದು ಇನ್ನೂ ಸಣ್ಣದು. ಜಾಲರಿಯ ಸಲಾಕೆಗಳು ರಸ್ತೆಗೆ ಅಡ್ಡಲಾಗಿದ್ದರೆ ಬರೀ ಸದ್ದಾಗುತ್ತದೆ. ಉದ್ದಕ್ಕಿದ್ದರೆ ಗಾಲಿ ಒಳಗೆ ಇಳಿದು ಸಿಕ್ಕಿಕೊಳ್ಳುತ್ತದೆ, ಸವಾರ ಹ್ಯಾಂಡಲ್ಲಿನ ಮೇಲಿಂದ ಮುಂದಕ್ಕೆ ಬೀಳುತ್ತಾನೆ. ಖರ್ಚು ಎರಡಕ್ಕೂ ಒಂದೇ. ಅಡ್ಡ ಹಾಕಬೇಕೆಂಬ ಬುದ್ಧಿ ಮಾತ್ರ ಬೇಕು.

ಎರಡನೆಯದು, ರಸ್ತೆಯ ಅಂಚು. ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು, ಅದರ ಮೇಲೆ ಮತ್ತೊಂದು ಪದರ. ರಸ್ತೆ ಎತ್ತರವಾಗುತ್ತ ಹೋಗುತ್ತದೆ, ಪಕ್ಕದ ಮಣ್ಣು ಅಲ್ಲೇ ಉಳಿಯುತ್ತದೆ. ಹಿಂದಿನಿಂದ ಲಾರಿಯ ಹಾರನ್ನು ಕೇಳಿ ಸವಾರ ಕೆಳಗಿಳಿದರೆ ಮತ್ತೆ ಮೇಲೆ ಹತ್ತುವುದು ಕಷ್ಟ. ಓರೆಯಾಗಿ ಹತ್ತಿಸಲು ಹೋದರೆ ಅಂಚು ಗಾಲಿಯನ್ನು ಹಿಡಿದು ರಸ್ತೆಯ ನಡುವಿಗೆ ಕೆಡವುತ್ತದೆ. ಅತ್ತ ದರಿ, ಇತ್ತ ಪುಲಿ ಎಂದರೆ ಇದೇ.

ಮೂರನೆಯದು ಕಡಲೂರಿನ ಅಪಾಯ: ಮರಳು. ಗಾಳಿ ತಂದ ಮರಳು ಡಾಂಬರಿನ ಮೇಲೆ ತೆಳುವಾಗಿ ಹರಡುತ್ತದೆ. ಕಾರಿಗೆ ಅದು ಲೆಕ್ಕಕ್ಕಿಲ್ಲ. ಸೈಕಲ್ಲಿಗೆ ಅದು ಗಟ್ಟಿನೆಲದ ಮೇಲೆ ರಾಗಿ ಚೆಲ್ಲಿದ ಹಾಗೆ. ಇಳಿಜಾರಿನ ತಿರುವಿನಲ್ಲಿ ಮುಂದಿನ ಬ್ರೇಕು ಹಿಡಿದಿರೋ, ಗಾಲಿ ಜಾರಿತು. ಗುಡ್ಡ ಕಡಲಿಗೆ ಇಳಿದು ಬಂದಿರುವ ಈ ಪ್ರದೇಶದಲ್ಲಿ ಇಳಿಜಾರೂ ತಿರುವೂ ಒಟ್ಟಿಗೇ ಇರುತ್ತವೆ.

ನಾಲ್ಕನೆಯದು ನೀರು. ಡಾಂಬರಿನ ಬಿರುಕಿನಲ್ಲಿ ನೀರು ಇಳಿಯುತ್ತದೆ. ಮೇಲಿಂದ ಭಾರದ ಗಾಡಿಗಳು ಒತ್ತುತ್ತವೆ. ಒಳಗಿನ ಜಲ್ಲಿ ಸಡಿಲವಾಗುತ್ತದೆ. ಒಂದು ದಿನ ಬಾಯಿ ತೆರೆದುಕೊಳ್ಳುತ್ತದೆ. ಕೊಳವೆ, ಕೇಬಲ್ಲುಗಳಿಗೆಂದು ಅಗೆದು ಸರಿಯಾಗಿ ದಮ್ಮಸ್ಸು ಮಾಡದೆ ಮುಚ್ಚಿದ ಕಡೆ ಇದು ಇನ್ನೂ ಬೇಗ. ಇಲ್ಲಿ ಜೂನಿನಿಂದ ಮುಂಗಾರು, ಅದು ಹಿಂದೆ ಸರಿಯುವ ಹೊತ್ತಿಗೆ ಚಂಡಮಾರುತದ ಕಾಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಈ ಊರಿನ ಮೇಲೆ ಎರಗಿದ್ದನ್ನು ಕಂಡವರು ಸಭೆಯಲ್ಲಿದ್ದೀರಿ. ನೀರು ತುಂಬಿದ ಗುಂಡಿ ಒಂದು ಗೇಣೋ ಒಂದು ಮೊಳವೋ ತಿಳಿಯುವುದಿಲ್ಲ. ಒದ್ದೆಯಾದ ಕಬ್ಬಿಣದ ಮುಚ್ಚಳ, ರಸ್ತೆಗೆ ಬಳಿದ ದಪ್ಪ ಬಣ್ಣ, ಇವೂ ಮೊದಲ ಮಳೆಗೆ ಜಾರುಬಂಡೆಗಳೇ.

ಹೆಸರಿಗೆ ಸೈಕಲ್ಲು ದಾರಿ

'ಹಾಗಾದರೆ ಸೈಕಲ್ಲಿಗೇ ಬೇರೆ ದಾರಿ ಮಾಡಿದರೆ ಆಯಿತಲ್ಲ?' ಎಂದು ನೀವು ಕೇಳಬಹುದು. ಮಾಡಬೇಕು. ಆದರೆ ಕೆಟ್ಟದಾಗಿ ಮಾಡಿದ ಸೈಕಲ್ಲು ದಾರಿ ಸಾಮಾನ್ಯ ರಸ್ತೆಗಿಂತ ಹೆಚ್ಚು ಅಪಾಯಕಾರಿ. ಏಕೆಂದರೆ ಅಲ್ಲಿ ಸವಾರ ನಂಬಿಕೆಯಿಂದ ಹೋಗುತ್ತಾನೆ.

ಈ ವಾದ ಹೊಸದಲ್ಲ. 1934ರ ಡಿಸೆಂಬರ್ 14ರಂದು ಲಂಡನ್ನಿನ ವೆಸ್ಟರ್ನ್ ಅವೆನ್ಯೂ ಎಂಬ ಹೆದ್ದಾರಿಯ ಪಕ್ಕದಲ್ಲಿ, ಎಂಟೂವರೆ ಅಡಿ ಅಗಲದ, ಎರಡೂವರೆ ಮೈಲಿ ಉದ್ದದ ಸೈಕಲ್ಲು ದಾರಿಯನ್ನು ಆಗಿನ ಸಾರಿಗೆ ಮಂತ್ರಿ ಹೋರ್-ಬೆಲಿಷಾ ಉದ್ಘಾಟಿಸಿದರು. ಅದನ್ನು ವಿರೋಧಿಸಿದವರು ಯಾರು ಬಲ್ಲಿರಾ? ಸೈಕಲ್ಲು ಸವಾರರ ಸಂಘಗಳೇ! ಇಂಥ ದಾರಿಗಳ ನೆಪದಲ್ಲಿ ತಮ್ಮನ್ನು ರಸ್ತೆಯಿಂದ ಹೊರಹಾಕುತ್ತಾರೆ. ಅಡ್ಡರಸ್ತೆ ಬಂದಲ್ಲೆಲ್ಲ ದಾರಿ ತುಂಡಾಗುತ್ತದೆ ಎಂಬುದು ಅವರ ಅಂಜಿಕೆ. ಆ ಅಂಜಿಕೆ ಇಂದಿಗೂ ಸುಳ್ಳಾಗಿಲ್ಲ.

ನಮ್ಮ ದೇಶದ ಊರೂರುಗಳಲ್ಲಿ ಕಾಣುವುದನ್ನು ನೋಡಿ. ಕಾಲುದಾರಿಯ ಮೇಲೆ ಅರ್ಧ ಗೆರೆ ಎಳೆದು ಹಸುರು ಬಣ್ಣ ಬಳಿದರೆ ಸೈಕಲ್ಲು ದಾರಿ. ಅದರ ನಡುವೆ ವಿದ್ಯುತ್ ಕಂಬ. ಬೈಕುಗಳು ನುಗ್ಗದಿರಲೆಂದು ನೆಟ್ಟ ಗೂಟಗಳ ನಡುವೆ ಹ್ಯಾಂಡಲ್ಲು ಹಿಡಿಸುವುದಿಲ್ಲ. ರಾತ್ರಿ ಆ ಗೂಟಗಳು ಕಾಣುವುದೂ ಇಲ್ಲ. ಹೆಂಚಿನಂತೆ ಜೋಡಿಸಿದ ಕಲ್ಲುಗಳ ಕೆಳಗಿನ ಮರಳು ಕೊಚ್ಚಿಹೋಗಿ ಒಂದು ಎದ್ದಿದೆ, ಒಂದು ತಗ್ಗಿದೆ. ನೆರಳಿರುವ ಕಡೆ ಕಾರು ನಿಂತಿದೆ. ಅದರ ಬಾಗಿಲು ಯಾವ ಕ್ಷಣದಲ್ಲಾದರೂ ತೆರೆಯಬಹುದು. ಬೆಂಗಳೂರಿನ ಜಯನಗರದಲ್ಲಿ 2012ರ ಸುಮಾರಿಗೆ ಸೈಕಲ್ಲಿಗೆಂದು ಪಟ್ಟಿ ಎಳೆದರು. ಸ್ವಲ್ಪ ಕಾಲದಲ್ಲೇ ಅವು ವಾಹನ ನಿಲ್ಲಿಸುವ ಜಾಗಗಳಾದವು. ಕಾಲುವೆಗಳ ವಿಜಯವಾಡ ಸಮತಟ್ಟಾದ ಊರು, ಸೈಕಲ್ಲಿಗೆ ಹೇಳಿ ಮಾಡಿಸಿದ್ದು. ಅಂಥ ಊರಿನಲ್ಲಿಯೂ ಸವಾರನಿಗೆ ಬಸ್ಸು, ಲಾರಿಗಳ ನಡುವೆಯೇ ದಾರಿ ಹುಡುಕುವ ಪಾಡು.

ಎಲ್ಲಕ್ಕಿಂತ ದೊಡ್ಡ ದೋಷ ದಾರಿಯ ಕೊನೆಯಲ್ಲಿದೆ. ಸುಖವಾಗಿ ಬಂದ ದಾರಿ, ನಾಲ್ಕು ರಸ್ತೆ ಕೂಡುವಲ್ಲಿ, ನಿಜವಾಗಿ ಅದು ಬೇಕಾದ ಕಡೆ, ಥಟ್ಟನೆ ಮುಗಿದುಹೋಗುತ್ತದೆ. ನೇರ ಹೋಗಬೇಕಾದ ಸವಾರನ ಮುಂದೆ ಎಡಕ್ಕೆ ತಿರುಗುವ ಬಸ್ಸು ಅಡ್ಡ ಬರುತ್ತದೆ. ಬಸ್ಸಿನ ಚಾಲಕನಿಗೆ ಸವಾರ ಕಾಣುವುದೇ ಇಲ್ಲ. ಕೂಡುರಸ್ತೆಯನ್ನು ಹೇಗೆ ದಾಟಿಸಬೇಕೆಂದು ಯೋಚಿಸದವನು ಸೈಕಲ್ಲು ದಾರಿಯನ್ನು ಯೋಚಿಸಿಯೇ ಇಲ್ಲ.

ಬಿದ್ದವನ ಲೆಕ್ಕ

ನಮ್ಮ ಸದಸ್ಯರೊಬ್ಬರು, ಅಡುಗೆ ಕೆಲಸದವರು, ಕಳೆದ ಮಳೆಗಾಲದ ಒಂದು ನಸುಕಿನಲ್ಲಿ ಕೆಲಸಕ್ಕೆ ಹೋಗುವಾಗ ಚರಂಡಿಯ ಎರಡು ಚಪ್ಪಡಿಗಳ ಸಂದಿಯಲ್ಲಿ ಗಾಲಿ ಸಿಕ್ಕಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಯಾವ ಗಾಡಿಯೂ ಡಿಕ್ಕಿ ಹೊಡೆಯಲಿಲ್ಲ. ಆದುದರಿಂದ 'ಅಪಘಾತ'ವೆಂದು ಯಾರೂ ಬರೆದುಕೊಳ್ಳಲಿಲ್ಲ. ಆರು ವಾರ ಸೌಟು ಹಿಡಿಯಲಾಗಲಿಲ್ಲ. ಆರು ವಾರದ ಕೂಲಿ ಹೋಯಿತು. ಊರಿಗೆ ಕಳುಹಿಸಬೇಕಾದ ಹಣ ನಿಂತು, ಮಗಳ ಶಾಲೆಯ ಫೀಜಿಗೆ ಸಾಲವಾಯಿತು. ಒಂದು ಹಿಡಿ ಸಿಮೆಂಟಿನಿಂದ ಮುಚ್ಚಬಹುದಾಗಿದ್ದ ಸಂದು ಅದು.

ಲೆಕ್ಕಕ್ಕೆ ಬಂದವುಗಳನ್ನೇ ತೆಗೆದುಕೊಂಡರೂ, 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಸುಮಾರು 4,800 ಮಂದಿ ಸೈಕಲ್ಲು ಸವಾರರು. ರಸ್ತೆ ಗುಂಡಿಗಳೇ ಕಾರಣವೆಂದು ದಾಖಲಾದ ಸಾವುಗಳು 1,856. ತಾನೇ ಬಿದ್ದು ಕೈಕಾಲು ಮುರಿದುಕೊಂಡವರಲ್ಲಿ ಎಷ್ಟೋ ಜನ ಯಾವ ಪುಸ್ತಕದಲ್ಲಿಯೂ ಇಲ್ಲ. ಲೆಕ್ಕಕ್ಕೆ ಬಾರದ ನೋವಿಗೆ ಪರಿಹಾರವೂ ಬಾರದು.

ಅಳತೆ ಎಲ್ಲಿದೆ?

ಅಳತೆ ಇದೆ, ಬಂಧುಗಳೆ. ಇದನ್ನು ಚೆನ್ನಾಗಿ ನೆನಪಿಡಬೇಕೆಂದು ಕೋರುತ್ತೇವೆ. ನಮ್ಮ ದೇಶದ ಇಂಜಿನಿಯರುಗಳ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು 1962ರಷ್ಟು ಹಿಂದೆಯೇ ಸೈಕಲ್ಲು ದಾರಿಗಳಿಗೆಂದು ಒಂದು ಪುಸ್ತಿಕೆ ಹೊರತಂದಿತು. 2015ರಲ್ಲಿ ಅದನ್ನು ಪರಿಷ್ಕರಿಸಿತು. ಆ ಮೊದಲ ಪುಸ್ತಿಕೆಯೇ ಏನು ಹೇಳಿತೆಂದು ಕೇಳಿ. ಗಂಟೆಗೆ 200ಕ್ಕಿಂತ ಹೆಚ್ಚು ಮೋಟಾರು ಗಾಡಿಗಳು ಓಡುವ ರಸ್ತೆಯಲ್ಲಿ, ಗಂಟೆಗೆ ನೂರು ಸೈಕಲ್ಲುಗಳು ಇದ್ದರೂ ಸಾಕು, ಬೇರೆ ದಾರಿ ಮಾಡುವುದು ಸಮರ್ಥನೀಯ. ದಾರಿ ಎರಡು ಮೀಟರಿಗಿಂತ ಕಿರಿದಾಗಬಾರದು. ಅದರ ನೆಲವೂ ದೀಪವೂ ಪಕ್ಕದ ಮೋಟಾರು ರಸ್ತೆಗೆ ಸಮನಾಗಿರಬೇಕು, ಇಲ್ಲವೆ ಅದಕ್ಕಿಂತ ಮೇಲಾಗಿರಬೇಕು. ಇಲ್ಲದಿದ್ದರೆ ಯಾರೂ ಅದನ್ನು ಬಳಸುವುದಿಲ್ಲ.

ರಸ್ತೆಯ ಉಬ್ಬುಗಳಿಗೂ ಅಳತೆ ಇದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ದುಂಡಾದ ಮೈ. ಗೋಡೆಯಂತೆ ಎದ್ದುನಿಂತ, ಬಣ್ಣವಿಲ್ಲದ ಉಬ್ಬುಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಹೀಗಿರುವಾಗ ನಾವು ಕೇಳುತ್ತಿರುವುದು ಕೃಪೆಯಲ್ಲ, ಹೊಸ ಸೌಲಭ್ಯವೂ ಅಲ್ಲ. ಬರೆದಿಟ್ಟ ಅಳತೆಯನ್ನು ನೆಲದ ಮೇಲೆ ತೋರಿಸಿ ಎಂದಷ್ಟೇ.

'ಹಣವಿಲ್ಲ, ಜಾಗವಿಲ್ಲ' ಎಂಬ ಉತ್ತರ ಬರಬಹುದು. 2025ರ ಜೂನ್ 21ರಂದು ಯೋಗದ ದಿನಾಚರಣೆಗಾಗಿ, ಪ್ರಧಾನಮಂತ್ರಿಗಳ ಸಮ್ಮುಖದಲ್ಲಿ, ಇದೇ ಕಡಲ ರಸ್ತೆಯ ಉದ್ದಕ್ಕೂ ಲಕ್ಷಾಂತರ ಜನ ಕುಳಿತರು. ಅಷ್ಟು ಉದ್ದದ ರಸ್ತೆ ಒಂದು ಬೆಳಿಗ್ಗೆ ಅಂಗಳದಂತಾಯಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹಾಲೆಂಡು ದೇಶವನ್ನು ಸೈಕಲ್ಲಿನ ಸ್ವರ್ಗವೆನ್ನುತ್ತಾರೆ. ಅದು ಹುಟ್ಟಿನಿಂದ ಹಾಗಿರಲಿಲ್ಲ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ತಂದೆತಾಯಿಗಳು ಬೀದಿಗಿಳಿದರು. ಅಲ್ಲಿಂದ ಮುಂದೆ ದಾರಿಗಳು ಬದಲಾದವು. ಕೇಳಿದವರಿಗೆ ಸಿಕ್ಕಿತು.

ಕಾನೂನಿನ ಆಸರೆ

ಎರಡು ಕಾನೂನುಗಳನ್ನು ಪ್ರತಿಯೊಬ್ಬ ಕಾರ್ಮಿಕನೂ ತಿಳಿದಿರಬೇಕು.

ಒಂದು, ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 198-ಎ ಎಂಬ ಕಲಮು. ರಸ್ತೆಯ ವಿನ್ಯಾಸ, ನಿರ್ಮಾಣ, ದುರಸ್ತಿಗಳಲ್ಲಿ ಸರಕಾರ ಗೊತ್ತುಮಾಡಿದ ಮಟ್ಟವನ್ನು ಪಾಲಿಸದೆ ಅದರಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ, ಹೊಣೆಗಾರರಾದ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಒಂದು ಜೀವಕ್ಕೆ ಒಂದು ಲಕ್ಷ ದೊಡ್ಡದಲ್ಲ. ಆದರೆ 'ತಪ್ಪು ಸವಾರನದು ಮಾತ್ರವಲ್ಲ, ರಸ್ತೆಯದೂ ಇರಬಹುದು' ಎಂದು ಕಾನೂನು ಒಪ್ಪಿಕೊಂಡಿತಲ್ಲ, ಅದು ದೊಡ್ಡದು.

ಎರಡು, ಇ.ಎಸ್.ಐ. ಕಾನೂನಿಗೆ 2010ರಲ್ಲಿ ಬಂದ ತಿದ್ದುಪಡಿ. ಮನೆಯಿಂದ ಕೆಲಸಕ್ಕೆ ಹೋಗುವಾಗ, ಕೆಲಸದಿಂದ ಮನೆಗೆ ಬರುವಾಗ ಆದ ಅಪಘಾತವನ್ನು, ಸಮಯ, ಸ್ಥಳ, ಸಂದರ್ಭಗಳಿಗೂ ಕೆಲಸಕ್ಕೂ ಸಂಬಂಧವಿದ್ದರೆ, ಕೆಲಸದಲ್ಲೇ ಆದ ಅಪಘಾತವೆಂದು ಎಣಿಸಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ತತ್ತ್ವವನ್ನು ಉಳಿಸಿಕೊಂಡಿದೆ. ಯಾವ ಗಾಡಿಯೂ ಗುದ್ದದೆ ಬಿದ್ದವನಿಗೆ ಮೋಟಾರು ವಿಮೆಯಿಂದ ಏನೂ ಸಿಗುವುದಿಲ್ಲ. ಅವನಿಗೆ ಈ ಆಸರೆಯೇ ಗತಿ. ಆದುದರಿಂದ ಬಿದ್ದ ದಿನವೇ ಸಮಯ, ಸ್ಥಳ, ಸಾಕ್ಷಿಗಳನ್ನು ಬರೆಸಿ. ಆಸ್ಪತ್ರೆಯ ಚೀಟಿಯಲ್ಲಿ 'ಕೆಲಸಕ್ಕೆ ಹೋಗುವಾಗ' ಎಂಬ ಮಾತು ಇರಲಿ. ಮಾಲೀಕರಿಗೆ ಲಿಖಿತವಾಗಿ ತಿಳಿಸಿ.

ನಾವು ಮಾಡಬೇಕಾದದ್ದು

ಊರು ಸೂರೆಯಾದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ. ಬೀಳುವ ಮೊದಲೇ ಕೆಲಸ ಆಗಬೇಕು. ಸಭೆಯ ಮುಂದೆ ಕೆಲವು ಸಲಹೆಗಳನ್ನಿಡುತ್ತೇವೆ.

ಪ್ರತಿಯೊಬ್ಬ ಸದಸ್ಯನೂ ತಾನು ದಿನವೂ ಹೋಗುವ ದಾರಿಯನ್ನು ಒಂದು ವಾರ ಕಣ್ಣಿಟ್ಟು ನೋಡಲಿ. ಸಂದು ಎಷ್ಟು ಬೆರಳು, ಗುಂಡಿ ಎಷ್ಟು ಆಳ, ಕಂಬ ಎಲ್ಲಿ, ದೀಪ ಎಲ್ಲಿ ಇಲ್ಲ ಎಂದು ಟೇಪು ಹಿಡಿದು ಅಳೆದು ಬರೆಯಲಿ, ಚಿತ್ರ ತೆಗೆಯಲಿ. 'ರಸ್ತೆ ಸರಿಯಿಲ್ಲ' ಎಂಬ ದೂರನ್ನು ಯಾರೂ ಓದುವುದಿಲ್ಲ. 'ಇಂಥ ಕಂಬದ ಬಳಿ ಚರಂಡಿಯ ಸಂದು 45 ಮಿಲಿಮೀಟರ್' ಎಂಬ ದೂರನ್ನು ತಳ್ಳಿಹಾಕುವುದು ಕಷ್ಟ.

ಆ ಮೇಲೆ ರಸ್ತೆ ಯಾರದೆಂದು ವಿಂಗಡಿಸೋಣ. 16ನೆಯ ರಾಷ್ಟ್ರೀಯ ಹೆದ್ದಾರಿಯ ದೂರುಗಳನ್ನು 1033 ಎಂಬ ಸಂಖ್ಯೆಗೆ ಫೋನು ಮಾಡಿ ಹೇಳಬಹುದು. ಊರೊಳಗಿನ ರಸ್ತೆಗೆ ನಗರಪಾಲಿಕೆ ಇದೆ. ಹೊಸದಾಗಿ ಹಾಕಿದ ರಸ್ತೆ ಕಿತ್ತುಹೋದರೆ, ಇಂತಿಷ್ಟು ಕಾಲ ಅದನ್ನು ಗುತ್ತಿಗೆದಾರನೇ ಸರಿಪಡಿಸಿಕೊಡಬೇಕೆಂಬ ಷರತ್ತು ಕರಾರಿನಲ್ಲಿರುತ್ತದೆ. ಆ ಅವಧಿ ಎಷ್ಟು, ಮುಗಿದಿದೆಯೆ ಎಂದು 2005ರ ಮಾಹಿತಿ ಹಕ್ಕಿನ ಕಾಯಿದೆಯಂತೆ ಕೇಳಬಹುದು. ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕು.

ಅರ್ಜಿ ತೆಲುಗಿನಲ್ಲಿರಲಿ. ನಮ್ಮ ಜೊತೆ ತುಳಿಯುವ ತೆಲುಗು ಸೋದರರೂ, ಒಡಿಯಾ ಸೋದರರೂ ಸಹಿ ಹಾಕಲಿ. ರಸ್ತೆಯ ಗುಂಡಿ ಯಾರ ಮಾತೃಭಾಷೆಯನ್ನೂ ಕೇಳುವುದಿಲ್ಲ.

ಇನ್ನು ದಿನದಿನದ ಎಚ್ಚರ. ಸೀಳನ್ನೂ ಅಂಚನ್ನೂ ಓರೆಯಾಗಿ ದಾಟದೆ ನೇರವಾಗಿ, ಅಡ್ಡಲಾಗಿ ದಾಟಿ. ಮರಳು ಕಂಡಲ್ಲಿ ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ, ಹಿಂದಿನ ಬ್ರೇಕನ್ನು ಮೆಲ್ಲಗೆ ಹಿಡಿಯಿರಿ. ಉಪ್ಪುಗಾಳಿ ಚೈನನ್ನೂ ಬ್ರೇಕಿನ ತಂತಿಯನ್ನೂ ತಿನ್ನುತ್ತದೆ; ವಾರಕ್ಕೊಮ್ಮೆ ಒರೆಸಿ ಚೈನಿಗೆ ಎಣ್ಣೆ ಬಿಡಿ. ಹಿಂದೆ ಕೆಂಪು ದೀಪವಿಲ್ಲದೆ ಕತ್ತಲಲ್ಲಿ ಹೊರಡಬೇಡಿ. ಆದರೆ ಸವಾರನ ಎಚ್ಚರ ರಸ್ತೆಯವರ ಹೊಣೆಗೆ ಬದಲಿಯಲ್ಲ. ತುಂಬಾ ಎಚ್ಚರದಿಂದ ನಡೆದರೂ ಮುರುಕಲು ಏಣಿ ಮುರುಕಲು ಏಣಿಯೇ. ಕಾರ್ಖಾನೆಯಲ್ಲಿ ಯಂತ್ರಕ್ಕೆ ಕಾಪು ಹಾಕಿಲ್ಲದಿದ್ದರೆ 'ಹುಷಾರಾಗಿ ಕೆಲಸ ಮಾಡು' ಎಂಬ ಉತ್ತರವನ್ನು ನಾವು ಒಪ್ಪುತ್ತೇವೆಯೆ? ಇದೂ ಹಾಗೆಯೇ. ಕೆಲಸಕ್ಕೆ ಹೋಗುವ ದಾರಿಯೂ ಕೆಲಸದ ಜಾಗವೇ.

ಒಳ್ಳೆಯ ಸೈಕಲ್ಲು ದಾರಿಯನ್ನು ಗುರುತಿಸುವುದು ಸುಲಭ. ಹದಿನಾಲ್ಕು ವರ್ಷದ ಮಗುವನ್ನು ಅದರ ಮೇಲೆ ಒಂಟಿಯಾಗಿ ಶಾಲೆಗೆ ಕಳುಹಿಸಲು ತಾಯಿಗೆ ಧೈರ್ಯ ಬರಬೇಕು. ರಾತ್ರಿ ಪಾಳಿಯಿಂದ ದಣಿದು ಬರುವ ಅಪ್ಪ ತಲೆ ತಗ್ಗಿಸಿ ತುಳಿದರೂ ಮನೆ ಸೇರಬೇಕು. ಆ ಅಳತೆಗೆ ನಿಲ್ಲುವ ದಾರಿ ಋಷಿಕೊಂಡಕ್ಕೂ ಬರಲಿ, ಅಲ್ಲಿಂದ ಹೆದ್ದಾರಿಯ ಕಡೆಗೂ ಕಾರ್ಮಿಕರ ಕೇರಿಗಳ ಕಡೆಗೂ ಕಡಿಯದೆ ಮುಂದುವರಿಯಲಿ. ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ದಾರಿಯ ಅಳತೆಯ ಚೀಟಿಯನ್ನು ತರಬೇಕೆಂದು ವಿನಂತಿಸುತ್ತೇವೆ.